ಗೋಡೆ ಕಡೆಯ ಜಾಗ

ಅಮ್ಮ ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಕೆಳಗೆ ಇಬ್ಬರು ಮಕ್ಕಳು ಕೂರುವಷ್ಟೇ ಜಾಗವಿತ್ತು. ಅದರಲ್ಲೂ ಗೋಡೆ ಕಡೆಯ ಜಾಗಕ್ಕೆ ನನಗೂ ನನ್ನ ತಮ್ಮನಿಗೂ ದಿನಾ ಜಗಳ. ಅಲ್ಲಿ ಚೂರುಬಟ್ಟೆಗಳ ಮೂಟೆ ಇರುತ್ತಿತ್ತು. ಒರಗಿದರೆ ಮೆತ್ತಗೆ, ಬೆಚ್ಚಗೆ, ಹೊಸ ಬಟ್ಟೆಯ ಗಂಜಿಯ ವಾಸನೆ. ನಾನು ನಾಲ್ಕು ವರ್ಷ ದೊಡ್ಡವಳು, ಆದರೂ ಆ ಜಾಗ ನನಗೆ ಸಿಕ್ಕಿದ್ದೇ ಇಲ್ಲ ಎನ್ನಬೇಕು. ಅವನು ಶಾಲೆಯಿಂದ ಓಡಿಬಂದು, ಚೀಲವನ್ನು ಬಾಗಿಲಲ್ಲೇ ಎಸೆದು, ಇಲಿಯಂತೆ ಒಳಗೆ ನುಸುಳಿಬಿಡುತ್ತಿದ್ದ. ಕಾಲು ಹಿಡಿದು ಎಳೆದರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ. ಅಮ್ಮ ಮೇಜಿನ ಪಕ್ಕದ ಹೊಲಿಗೆ ಮೆಷಿನ್ ನಿಲ್ಲಿಸದೆಯೇ, "ದೊಡ್ಡವಳು ನೀನು, ಬಿಟ್ಕೊಡೇ," ಎನ್ನುತ್ತಿದ್ದಳು. ಮೊದಲು ಹುಟ್ಟಿದ್ದೇ ನನ್ನ ತಪ್ಪು ಎನ್ನುವ ಹಾಗೆ.

ಅವನನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ಅಂಬೆಗಾಲಿಡುವಾಗ ಯಾರದೋ ಕೋಟಿನ ಗುಂಡಿ ನುಂಗಿ ಮನೆಮಂದಿಯ ಜೀವ ಬಾಯಿಗೆ ತರಿಸಿದ್ದ. ನುಂಗಿದ್ದು ಮಾರನೇ ದಿನ ಹೊರಗೆ ಬಂತು. ಅಮ್ಮ ಅದನ್ನು ಚೆನ್ನಾಗಿ ತೊಳೆದು ಅದೇ ಕೋಟಿಗೆ ಹಾಕಿ ಕೊಟ್ಟಳು, ಗಿರಾಕಿಯ ಮುಂದೆ ತುಟಿಪಿಟಕ್ ಎನ್ನಲಿಲ್ಲ.

ಮೇಜಿನ ಕೆಳಗೆ ನಮಗೊಂದು ಆಟವಿತ್ತು. ಮೆಷಿನ್ನಿನ ಸದ್ದು ಕೇಳಿ ಅಮ್ಮ ಏನು ಹೊಲಿಯುತ್ತಿದ್ದಾಳೆಂದು ಹೇಳಬೇಕು. ಪರದೆಯಾದರೆ ಉದ್ದಕ್ಕೂ ಒಂದೇ ಸಮ ಗುರ್ರ್ ಎನ್ನುತ್ತಿತ್ತು. ಜೇಬಾದರೆ ಸ್ವಲ್ಪ ಓಡುವುದು, ನಿಲ್ಲುವುದು, ತಿರುಗುವುದು, ಮತ್ತೆ ಸ್ವಲ್ಪ ಓಡುವುದು. ಪ್ಯಾಂಟಿನ ದಪ್ಪ ಮಡಿಕೆ ಸಿಕ್ಕರೆ ಮೆಷಿನ್ ಮುಲುಕುತ್ತಿತ್ತು. ಗುಂಡಿ ತೂರಿಸುವ ಕಾಜಾ ಆದರೆ ಒಂದೇ ಕಡೆ ನಿಂತು ದಡದಡ ಬಡಿತ. ಸೋತವರು ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನೆಲ್ಲ ಲಾಳದಾಕಾರದ ಕೆಂಪು ಅಯಸ್ಕಾಂತ ಹಿಡಿದು ಆರಿಸಬೇಕು. ಯಾವಾಗಲೂ ನಾನೇ ಆರಿಸಿದ್ದು. ಅವನ ಕಿವಿ ಅಂಥದ್ದು. ತಪ್ಪು ಉತ್ತರ ಕೇಳಿದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. "ಅದು ಕಾಲರ್ ಅಲ್ವೇ ಅಲ್ಲ ಕಣೇ, ಜೇಬು! ಕಿವಿಗೆ ಹತ್ತಿ ಇಟ್ಕೊಂಡಿದೀಯಾ?" ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದ. ಈಗ ಯಾರಾದರೂ ಹಾಗೆ ತಿವಿದರೆ ಸಾಕು ಎನಿಸುತ್ತದೆ.

ಅಮ್ಮ ಈಗಿಲ್ಲ. ಅಪ್ಪನನ್ನು ನಾನು ಫೋಟೋದಲ್ಲಿ ನೋಡಿದ್ದೇ ಹೆಚ್ಚು. ಮನೆಯ ಮುಂಭಾಗದ ಹೊಲಿಗೆ ಅಂಗಡಿ ನನ್ನ ಕೈಗೆ ಬಂದಿದೆ. ಮೇಜು ಇದೆ, ಮೂಟೆಯೂ ಇದೆ. ಗುಂಡಿ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದ. ಹೋದ ವರ್ಷ ಅವನಿಗೆ ಗೋಡೆಯಾಚೆಯಿಂದ ಮಾತು ಕೇಳಿಸತೊಡಗಿತು. ಪಕ್ಕದ ಅಂಗಡಿಯವರು ರೇಡಿಯೋ ಜೋರಾಗಿ ಹಾಕಿದ್ದಾರೆಂದು ನಾನೇ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೋದೆ. ಅವರ ಹತ್ತಿರ ರೇಡಿಯೋನೇ ಇರಲಿಲ್ಲ.

ಆಮೇಲೆ ಅವನು ಕೆಲಸ ಬಿಟ್ಟ, ಗೆಳೆಯರನ್ನು ಬಿಟ್ಟ. ಒಂದು ಬೆಳಿಗ್ಗೆ ಚಹಾ ಕೊಡಲು ಹೋದರೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ.

"ನೀವು ಅಕ್ಕನ ಥರಾನೇ ಇದೀರ," ಎಂದ. "ಆದ್ರೆ ಅಕ್ಕ ಅಲ್ಲ. ಅವಳೆಲ್ಲಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತು ಬಂದಾಗಿನಿಂದ 'ಏನೇ', 'ಹೋಗೇ' ಎನ್ನುತ್ತಿದ್ದವನು ನನಗೆ ಬಹುವಚನ ಕೊಡುತ್ತಿದ್ದ. ಮರ್ಯಾದೆ ಇಷ್ಟು ನೋಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆ, ಔಷಧಿ ಶುರುವಾಯಿತು. ಗೋಡೆಯಾಚೆಯ ಮಾತು ಕಡಿಮೆಯಾಯಿತು, ಊಟಕ್ಕೆ ಕರೆದರೆ ಬರತೊಡಗಿದ. ನಾನು ಮಾತ್ರ ಬೇರೆ ಯಾರೋ ಆಗಿಯೇ ಉಳಿದೆ. "ವಾದ ಮಾಡ್ಬೇಡಿ, ಜೊತೆಗಿರಿ," ಎಂದು ಡಾಕ್ಟರು ಹೇಳಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ, ವಾದ ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ. ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ನನಗೆ ಬೇಕಾಗಿದ್ದದ್ದು ಒಂದೇ: ಅವನು ಒಂದು ಸಲ ನನ್ನನ್ನು ಅಕ್ಕ ಎನ್ನಬೇಕು.

ಅದೇ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ಒಬ್ಬರು ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡರು. ಈ ಕಾಯಿಲೆ ಹೊಸದಾಗಿ ಶುರುವಾದವರ ಮಿದುಳನ್ನೂ ಅವರ ಒಡಹುಟ್ಟಿದವರ ಮಿದುಳನ್ನೂ ಸ್ಕ್ಯಾನ್ ಮಾಡಿ ಹೋಲಿಸಿ ನೋಡುತ್ತಾರಂತೆ.

"ನಾವು ಸುಮ್ನೆ ಮಲಗಿದ್ರೂ ಮಿದುಳು ಸುಮ್ನಿರಲ್ಲ," ಎಂದರು. "ಒಂದು ಭಾಗ ಇನ್ನೊಂದರ ಜೊತೆ ಮಾತಾಡ್ತಾನೇ ಇರುತ್ತೆ. ಕಾಯಿಲೆಯ ಶುರುವಿನಲ್ಲಿ ಕೆಲವು ಕಡೆ ಆ ನಂಟು ಸಡಿಲ ಇರುತ್ತೆ, ಕೆಲವು ಕಡೆ ಬಿಗಿ."

"ಮೇಲಿನ ದಾರಕ್ಕೂ ಕೆಳಗಿನ ಬಾಬಿನ್ ದಾರಕ್ಕೂ ಹೊಂದಿಕೆ ತಪ್ಪಿದ ಹಾಗೆ," ಎಂದೆ. "ಮೆಷಿನ್ ಆದ್ರೆ ಒಂದು ಸ್ಕ್ರೂ ತಿರುಗಿಸ್ತೀವಿ."

"ಆ ಸ್ಕ್ರೂ ಎಲ್ಲಿದೆ ಅಂತ ಗೊತ್ತಿದ್ರೆ ಇಷ್ಟು ಹೊತ್ತಿಗೆ ತಿರುಗಿಸಿರ್ತಿದ್ದೆ ಕಣಮ್ಮ," ಎಂದು ನಕ್ಕರು.

ಗುಂಡಿ ನೀರು ಕುಡಿಯಲು ಆಚೆ ಹೋದಾಗ ಕೇಳಿಯೇಬಿಟ್ಟೆ. "ಅವನ ಚಿತ್ರ ನೋಡಿ, ನನ್ನ ಗುರುತು ಯಾವಾಗ ಹಿಡೀತಾನೆ ಅಂತ ಹೇಳ್ತೀರಾ?"

ಅವರ ನಗು ನಿಂತಿತು. "ಇಲ್ಲಮ್ಮ. ತುಂಬಾ ಜನರದ್ದನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಮಾತ್ರ ವ್ಯತ್ಯಾಸ ಕಾಣುತ್ತೆ. ಒಬ್ಬರ ಚಿತ್ರ ಹಿಡ್ಕೊಂಡು ಮುಂದೇನು ಅಂತ ಹೇಳಕ್ಕಾಗಲ್ಲ. ಸುಳ್ಳು ಆಸೆ ಕೊಡಲ್ಲ ನಾನು. ನೀವು ಇದಕ್ಕೆ ಸೇರಲ್ಲ ಅಂದ್ರೂ ನಿಮ್ಮ ತಮ್ಮನ ಚಿಕಿತ್ಸೆಗೆ ಏನೂ ಆಗಲ್ಲ."

ಹಾಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಕ್ಕೆ ಮೊದಲು ಸಿಟ್ಟು ಬಂತು, ಆಮೇಲೆ ಅವರ ಮೇಲೆ ನಂಬಿಕೆ ಬಂತು. ಗುಂಡಿಯಂತೂ ತಟ್ಟನೆ ಒಪ್ಪಿದ. "ನೋಡ್ಲಿ. ನನ್ನ ತಲೆ ಒಳಗೆ ಏನಾಗ್ತಿದೆ ಅಂತ ಇನ್ನೊಬ್ಬರಿಗೂ ಗೊತ್ತಾಗ್ಲಿ," ಎಂದ.

ಸ್ಕ್ಯಾನ್ ದಿನ ಮೊದಲು ನನ್ನ ಸರದಿ. ಯಂತ್ರ ನಡೆಸುವವನು, "ಒಳಗಿರೋದು ದೊಡ್ಡ ಅಯಸ್ಕಾಂತ. ಮೈಮೇಲೆ ಲೋಹ ಏನೂ ಇರಬಾರದು," ಎಂದ. ದರ್ಜಿಯ ಹತ್ತಿರ ಆಡುವ ಮಾತೇ ಅದು? ರವಿಕೆಯ ಕತ್ತಿನಿಂದ ಗುಂಡುಸೂಜಿ ತೆಗೆದೆ, ತೋಳಿನಿಂದ ತೆಗೆದೆ, ಸೆರಗಿನಿಂದ ತೆಗೆದೆ. ಅವನು ಟ್ರೇ ಹಿಡಿದು ನಿಂತೇ ಇದ್ದ. "ಮುಗೀತಾ, ಇನ್ನೂ ಇದೆಯಾ?" ಎಂದ. "ಮೂವತ್ತು ಅಂಗಿ ಹೊಲಿಯೋಷ್ಟಿದೆ, ತಡ್ಕೊಳ್ಳಪ್ಪ," ಎಂದೆ. ಕೊನೆಗೆ ಎಲ್ಲ ಬಿಚ್ಚಿಟ್ಟು ಆಸ್ಪತ್ರೆಯ ಗೌನು ಹಾಕಿಕೊಂಡು ಬಂದೆ. ಅದರ ಹೊಲಿಗೆಯೋ ದೇವರಿಗೇ ಪ್ರೀತಿ. ಬೆಂಚಿನ ಮೇಲೆ ಕೂತಿದ್ದ ಗುಂಡಿಯ ತುಟಿಯ ಒಂದು ತುದಿ ಮೇಲೆದ್ದಿತ್ತು. ಅಷ್ಟು ನಗುವನ್ನು ನೋಡಿಯೂ ಎಷ್ಟೋ ತಿಂಗಳಾಗಿತ್ತು.

ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ಕಣ್ಣೆದುರು ಒಂದು ಪ್ಲಸ್ ಗುರುತು. "ಅದನ್ನೇ ನೋಡ್ತಾ ಇರಿ, ನಿದ್ದೆ ಮಾಡ್ಬೇಡಿ, ಇಂಥದ್ದೇ ಅಂತ ಏನೂ ಯೋಚಿಸ್ಬೇಡಿ," ಎಂದು ಡಾಕ್ಟರಮ್ಮನ ದನಿ ಬಂತು. ಏನೂ ಯೋಚಿಸಬೇಡ ಎಂದರೆ ಮನಸ್ಸು ಎಲ್ಲಿಗೆ ಹೋಗುತ್ತದೆ? ನನ್ನದು ನೆಟ್ಟಗೆ ಮೇಜಿನ ಕೆಳಗೆ ಹೋಯಿತು. ಅಮ್ಮನ ಪಾದ ಪೆಡಲಿನ ಮೇಲೆ ಏರಿಳಿಯುತ್ತಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಸೀಮೆಸುಣ್ಣದ ನೀಲಿ ಪುಡಿ. ಮೇಜಿನಂಚಿನಿಂದ ಇಳಿಬಿದ್ದ ಬಟ್ಟೆಯ ಮೂಲಕ ಬಂದ ಬಿಸಿಲು ಒಂದು ದಿನ ಹಸಿರು, ಒಂದು ದಿನ ಕೆಂಪು. ಗೋಡೆ ಕಡೆ ಗುಂಡಿ ಕೂತಿದ್ದ. ಅಲ್ಲೂ ನನಗೆ ಜಾಗ ಬಿಟ್ಟಿರಲಿಲ್ಲ.

ಯಂತ್ರ ಸದ್ದು ಶುರುಮಾಡಿತು. ಮೊದಲು ಉದ್ದಕ್ಕೆ ಗುರ್ರ್. ಆಮೇಲೆ ಬಡಿತ. ನನಗೆ ತಿಳಿಯದೆಯೇ ಆಟ ಆಡುತ್ತಿದ್ದೆ.

ಬಟ್ಟೆ ಬದಲಿಸಿಕೊಂಡು ಹೊರಗೆ ಬಂದು ನೋಡಿದರೆ ಗುಂಡಿ ಬಾಗಿಲಿನಿಂದ ದೂರ, ಗೋಡೆಗೆ ಬೆನ್ನು ಒತ್ತಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. "ಒಳಗೆ ಯಾರೋ ಬಡೀತಿದಾರೆ. ನಾನು ಹೋಗಲ್ಲ," ಎಂದ.

"ಬೇಡ ಅಂದ್ರೆ ಬೇಡ, ಮನೆಗೆ ಹೋಗೋಣ," ಎಂದೆ ಡಾಕ್ಟರಮ್ಮನಿಗಿಂತ ಮೊದಲು ನಾನೇ. ಚಪ್ಪಲಿ ಮೆಟ್ಟಿಕೊಳ್ಳುತ್ತ ಸುಮ್ಮನೆ ಅಂದೆ, "ಮೊದಲನೇ ಸದ್ದು ಪರದೆ. ಎರಡನೇದು ಕಾಲರ್ ಇರಬೇಕು."

ಅವನು ತಿರುಗಿ ನೋಡಿದ. ತಡೆಯಲಾಗಲಿಲ್ಲ ಅವನಿಗೆ. "ಕಾಲರ್ ಅಲ್ವೇ ಅಲ್ಲ. ಕಾಜಾ. ಒಂದೇ ಕಡೆ ನಿಂತು ಬಡೀತಿತ್ತು, ಕೇಳಿಸ್ಲಿಲ್ವಾ?"

ಒಂದು ಕಾಲಿನ ಚಪ್ಪಲಿ ಹಾಗೇ ಬಿಟ್ಟು ಅವನ ಕಡೆ ತಿರುಗಿದೆ.

"ಈ ಆಟ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದ.

"ಗೊತ್ತು, ಅಷ್ಟೆ," ಎಂದೆ.

ಅವನು ಗೋಡೆ ಬಿಟ್ಟು ಬಾಗಿಲ ಹತ್ತಿರ ಬಂದ. ಆಮೇಲೆ, "ಹತ್ತಿರದಿಂದ ಕೇಳ್ಬೇಕು," ಎನ್ನುತ್ತ ತಾನೇ ಒಳಗೆ ನಡೆದ. ಬೇಡವೆನಿಸಿದರೆ ಒತ್ತಲು ಅವನ ಕೈಗೊಂದು ಗಂಟೆಯ ಗುಂಡಿ ಕೊಟ್ಟಿದ್ದರು. ಬೆಂಚಿನ ಮೇಲೆ ಕೂತು ನಾನು ಆ ಗಂಟೆಯನ್ನೇ ಕಾದೆ. ಅದು ಸದ್ದು ಮಾಡಲೇ ಇಲ್ಲ.

ಹೊರಗೆ ಬಂದವನು ನನ್ನ ಪಕ್ಕದಲ್ಲೇ ಕೂತು ಶೂ ಹಾಕಿಕೊಂಡ. ಕೂದಲು ಹಣೆಗೆ ಅಂಟಿತ್ತು.

"ಕಾಜಾನೇ," ಎಂದ. "ಕೊನೇದು ಮಾತ್ರ ಗೊತ್ತಾಗ್ಲಿಲ್ಲ. ಅದು ಅಮ್ಮ ಹೊಲಿಯೋದೇ ಅಲ್ಲ."

"ಹೌದಾ?"

"ಏನೂ ಯೋಚಿಸ್ಬೇಡಿ ಅಂದ್ರು. ನಾನು ಮೇಜಿನ ಕೆಳಗೆ ಹೋಗಿ ಕೂತೆ." ಲೇಸು ಕಟ್ಟುತ್ತಿದ್ದ ಬೆರಳು ನಿಂತವು. "ಅಕ್ಕ ಇನ್ನೂ ಬಂದಿರ್ಲಿಲ್ಲ. ಕಾಯ್ತಾ ಇದ್ದೆ. ಈ ಸಲ ನಾನು ಗೋಡೆ ಕಡೆ ಕೂರ್ಲಿಲ್ಲ. ಅವಳಿಗೆ ಬಿಟ್ಟಿದ್ದೆ."

ನನಗೆ ಕಣ್ಣು ಮಂಜಾಯಿತು. ಟ್ರೇಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ರವಿಕೆಗೆ ಚುಚ್ಚಿಕೊಳ್ಳುತ್ತ ತಲೆ ಬಗ್ಗಿಸಿದೆ. ಒಂದು ಬೆರಳಿಗೇ ಚುಚ್ಚಿತು.

"ನಿಮಗೆ ಎಲ್ಲಾದ್ರೂ ಸಿಕ್ಕಿದ್ರೆ ಅವಳಿಗೆ ಹೇಳಿ," ಎಂದ. "ಜಗಳ ಆಡಲ್ಲ ಅಂತ. ಗೋಡೆ ಕಡೆಯ ಜಾಗ ಅವಳದ್ದೇ ಅಂತ. ಮರೀಬೇಡಿ."

"ಮರೆಯಲ್ಲ ಕಣೋ," ಎಂದೆ.