ಹತ್ತು ಖಾಲಿ ಹೊಡೆತ

ಆರು ದಿನದಿಂದ ಒಂದೇ ಗೋಳು. ಬೆಳಗಿನ ಮೊದಲ ಗಂಟೆಯಲ್ಲಿ ಒತ್ತಿದ ಟೈಲ್ಸ್ ಮೂಲೆಯಲ್ಲಿ ಬಿರುಕು ಬಿಡುತ್ತವೆ, ಹತ್ತು ಗಂಟೆಯ ಮೇಲೆ ಒಂದೂ ಇಲ್ಲ. ಪ್ರೆಸ್ಸಿಗೆ ನನ್ನ ಪ್ರೋಗ್ರಾಂ ಹಾಕಿಯೂ ಆರೇ ದಿನ. ಆದರೆ ಬೈಸಿಕೊಳ್ಳುತ್ತಿದ್ದವರು ದೊಡ್ಡಪ್ಪ.

ನನಗೆ ಸಂಬಂಧವೇನಲ್ಲ, ಕಾರ್ಖಾನೆಗೆಲ್ಲ ಅವರು ದೊಡ್ಡಪ್ಪ. ಇಪ್ಪತ್ತಾರು ವರ್ಷ ಕೈಯಿಂದ ಹಿಡಿಕೆ ಎಳೆದು, ಎಣ್ಣೆಯ ಒತ್ತಡದಲ್ಲಿ ಇಳಿಯುವ ಆ ಪ್ರೆಸ್ಸಿಗೆ ಎಣ್ಣೆ ಬಿಟ್ಟವರು. ಈಗ ಹಿಡಿಕೆ ಇಲ್ಲ. ಕಂಟ್ರೋಲರ್ ಎಷ್ಟು ಕರೆಂಟು ಕಳಿಸುತ್ತದೋ ಎಣ್ಣೆಯ ವಾಲ್ವು ಅಷ್ಟೇ ತೆರೆಯುತ್ತದೆ, ನಲ್ಲಿಯನ್ನು ಹದವಾಗಿ ತಿರುಗಿಸಿದ ಹಾಗೆ. ದೊಡ್ಡಪ್ಪನಿಗೆ ಉಳಿದದ್ದು ಅಚ್ಚಿಗೆ ಮಣ್ಣಿನ ಪುಡಿ ಹರಡಿ ಎರಡು ಬಟನ್ ಒತ್ತುವ ಕೆಲಸ.

"ಯಂತ್ರ ಅದೇ, ಮಣ್ಣು ಅದೇ. ಬೆಳಗ್ಗೆ ನಡುಗೋದು ಯಾರ ಕೈ?" ಎಂದರು ಸೂಪರ್‌ವೈಸರ್ ನಿನ್ನೆ, ಎಲ್ಲರ ಎದುರಿಗೇ.

"ಕೈ ಅಲ್ಲ ಸಾರ್. ಬೆಳಗ್ಗೆ ಅದು ಎಗರುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಸೋಮವಾರದಿಂದ ಪ್ಯಾಕಿಂಗಿಗೆ ಹೋಗಿ."

ದೊಡ್ಡಪ್ಪ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದೆ. 'ನಿನ್ನ ಬಾಯಿಗೇನು ಬೀಗ ಹಾಕಿ ಹೆತ್ತೆನೇ?' ಎಂದು ಅಮ್ಮ ಕೇಳುವುದು ಸುಮ್ಮನೆ ಅಲ್ಲ.

ಮನೆಗೆ ಬಂದು ಡೈರಿಯ ಹಳೆಯ ಪುಟ ತಿರುವಿದೆ. ನನ್ನದೇ ಅಕ್ಷರ: 'ದೊಡ್ಡಪ್ಪ ದಿನಾ ಬೆಳಗ್ಗೆ ಪ್ರೆಸ್ಸನ್ನು ಅಚ್ಚಿಗೆ ತಾಗಿಸದೆ ಹತ್ತು ಸಲ ಖಾಲಿ ಓಡಿಸುತ್ತಾರಂತೆ. ಮೈ ಮುರಿದುಕೊಳ್ಳಲಿ ಅಂತಾರೆ, ಪಾಪ.' ಯಾಕೆ ಎಂದು ಕೇಳಲು ಸಂಕೋಚ. ಅಚ್ಚಿನಲ್ಲಿ ಮಣ್ಣಿಲ್ಲದಿದ್ದರೆ ಪ್ರೆಸ್ ಇಳಿಯಲೇಬಾರದು ಎಂದು ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದು ಆ ರೂಢಿಯನ್ನೇ ನಿಲ್ಲಿಸಿಬಿಟ್ಟಿದ್ದೆ. ಅಚ್ಚುಕಟ್ಟಾಗಿದೆ ಎಂದು ಬೀಗಿದ್ದೆ ಬೇರೆ.

ಇವತ್ತು ಶನಿವಾರ. ನಾನು ಎಂದೂ ಹತ್ತಕ್ಕೆ ಮೊದಲು ಬಂದವಳಲ್ಲ. ವಾಲ್ವಿನ ಹದ ನೋಡಿದ್ದೆಲ್ಲ ಮಧ್ಯಾಹ್ನಗಳಲ್ಲೇ, ಎಣ್ಣೆ ಬಿಸಿ ಇದ್ದಾಗ. ಇವತ್ತು ಆರೂವರೆಗೇ ಬಂದು ಟ್ಯಾಂಕ್ ಮುಟ್ಟಿದೆ. ತಣ್ಣಗಿತ್ತು. ದೊಡ್ಡಪ್ಪ ಪುಡಿ ಹರಡಿ ಬಟನ್ ಒತ್ತಿದರು. ತಣ್ಣನೆಯ ದಪ್ಪ ಎಣ್ಣೆ ಹರಿಯಲಿಲ್ಲ, ಪ್ರೆಸ್ ಅಲ್ಲಾಡಲಿಲ್ಲ. ಇಳಿಯುತ್ತಿಲ್ಲವಲ್ಲ ಎಂದು ನನ್ನ ಪ್ರೋಗ್ರಾಂ ಕರೆಂಟು ಏರಿಸಿತು, ಮತ್ತೆ ಏರಿಸಿತು. ಕೊನೆಗೆ ಧಡ್ ಎಂದು ಎಗರಿ ಬಿತ್ತು. ಲ್ಯಾಪ್‌ಟಾಪಿನ ಗ್ರಾಫಿನಲ್ಲಿ ಒತ್ತಡದ ಗೆರೆ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು.

ನನ್ನ ಕೆಲಸ ಖಾಯಂ ಮಾಡುವ ಪತ್ರ ಸೂಪರ್‌ವೈಸರ್ ಮೇಜಿನ ಮೇಲೇ ಇತ್ತು, ಸಹಿಗೆ. ನಾನು ಅದರ ಮೇಲೆಯೇ ಲ್ಯಾಪ್‌ಟಾಪ್ ಇಟ್ಟೆ.

"ಸಾರ್, ನೆಲ ನಿಜವಾಗಿಯೂ ಡೊಂಕು. ಡೊಂಕು ಮಾಡಿದ್ದು ನಾನು." ಗ್ರಾಫಿನ ಕಡೆ ಬೆರಳು ತೋರಿಸಿದೆ. "ದೊಡ್ಡಪ್ಪ ಖಾಲಿ ಓಡಿಸಿ ಎಣ್ಣೆ ಬಿಸಿ ಮಾಡ್ತಿದ್ರು. ನಾನು ಅದನ್ನ ನಿಲ್ಲಿಸಿದೆ."

ಅವರು ಗ್ರಾಫು ನೋಡಿದರು, ನನ್ನನ್ನು ನೋಡಿದರು. "ಇದನ್ನ ನಿನ್ನೆ ಹೇಳೋಕೆ ಏನಾಗಿತ್ತು?"

"ನಿನ್ನೆ ನನಗೂ ಗೊತ್ತಿರಲಿಲ್ಲ. ದೊಡ್ಡಪ್ಪನ್ನ ಕೇಳಿದ್ದಿದ್ರೆ ಗೊತ್ತಾಗ್ತಿತ್ತು."

ಲ್ಯಾಪ್‌ಟಾಪಿನ ಅಡಿಯಿಂದ ಪತ್ರ ಎಳೆದು ಡ್ರಾಯರಿಗೆ ಹಾಕಿದರು. "ಇದು ಮುಂದಿನ ತಿಂಗಳು. ಅವರು ಪ್ರೆಸ್ಸಲ್ಲೇ ಇರಲಿ."

ಹೊರಗೆ ಬಂದು ಆ ಸಾಲನ್ನು ತಿದ್ದಿದೆ. ಅಚ್ಚಿಗೆ ತಾಗದ ಹತ್ತು ಖಾಲಿ ಹೊಡೆತ ಸೇರಿಸಿದೆ. ಪ್ರೆಸ್ ಕದಲುವವರೆಗೆ ಕರೆಂಟು ಒಂದು ಮಟ್ಟ ದಾಟದಂತೆ ಕಟ್ಟಿಹಾಕಿದೆ. ದೊಡ್ಡಪ್ಪ ಹಿಂದೆ ನಿಂತು ಪರದೆ ಇಣುಕುತ್ತಿದ್ದರು.

"ಹತ್ತು ಸಾಕಾ ದೊಡ್ಡಪ್ಪ?"

"ಅಬ್ಬಾ, ಇಂಜಿನಿಯರಮ್ಮನಿಗೆ ಮಾತು ಬರುತ್ತೆ!" ಎಂದು ನಕ್ಕರು. "ಚಳಿ ಇದ್ರೆ ಹದಿನೈದು ಬೇಕು ಮಗಳೇ."

"ಹೇಗೆ ಗೊತ್ತಾಗುತ್ತೆ?"

ಅವರು ನನ್ನ ಅಂಗೈ ಹಿಡಿದು ಎಣ್ಣೆಯ ಪೈಪಿನ ಮೇಲಿಟ್ಟರು. "ಹೇಳ್ತೀನಿ, ಇರು. ಕೈ ತೆಗೀಬೇಡ."