ತಂಗಳಿನ ತಕರಾರು

ತಂಗಳನ್ನ ನನ್ನ ನಾಲಿಗೆಗೆ ತಾಕಿದ್ದಿಲ್ಲ. ಇಪ್ಪತ್ತೊಂದು ವರ್ಷಗಳಿಂದ ದಿಲ್ಲಿಯಲ್ಲಿ ಈ ಮಾತನ್ನು ಎದೆಯುಬ್ಬಿಸಿ ಹೇಳಿಕೊಂಡು ಬಂದವನು ನಾನು. ಆಫೀಸಿನಲ್ಲಿ ಪಕ್ಕದ ಮೇಜಿನವರು ರಾತ್ರಿ ಉಳಿದ ರಾಜ್ಮಾವನ್ನು ಮಧ್ಯಾಹ್ನ ಡಬ್ಬಿ ಬಿಚ್ಚಿ ಚಪ್ಪರಿಸಿಕೊಂಡು ತಿನ್ನುವಾಗ, "ಬಾಸಿ ಖಾನಾ ಹಮಾರೆ ಘರ್ ಮೇ ನಹೀ ಚಲ್ತಾ", ತಂಗಳು ನಮ್ಮಲ್ಲಿ ನಡೆಯೋದಿಲ್ಲ ಎಂದು ಹೇಳಿ ಅವರ ಹಸಿವು ಕೆಡಿಸಿದ್ದೇನೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಕೊನೆಗೆ ಡಾಕ್ಟರ ಮುಂದೆಯೂ ಹೇಳಿದ್ದೇನೆ. ಅದಕ್ಕೂ ನಿಮ್ಮ ಮೊಣಕಾಲು ನೋವಿಗೂ ಏನು ಸಂಬಂಧ ಎಂದು ಆ ಮನುಷ್ಯ ಕೇಳಿದ. ಸಂಬಂಧ ಇಲ್ಲದಿದ್ದರೇನು, ಒಳ್ಳೆಯ ವಿಷಯ ನಾಲ್ಕು ಜನಕ್ಕೆ ಗೊತ್ತಾಗಲಿ.

ನಾನು ವೆಂಕಟಸುಬ್ಬಯ್ಯ. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್, ವಾಸ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಹೆಂಡತಿ ಪದ್ಮಾ ಕೂಡ ಸರ್ಕಾರಿ ನೌಕರಳೇ. ಮನೆಯಿಂದ ಹತ್ತು ನಿಮಿಷ ನಡೆದರೆ ಅವಳ ಆಫೀಸು. ಒಬ್ಬಳೇ ಮಗಳು ಅಮೂಲ್ಯ, ಒಂಬತ್ತನೇ ಕ್ಲಾಸು. ಅವಳ ಕಿವಿಗೆ ಕನ್ನಡ ಬರುತ್ತದೆ, ಬಾಯಿಗೆ ಹಿಂದಿ. ನಮ್ಮ ಮನೆಯಲ್ಲಿ ಬೆಳಗ್ಗೆ ಒಂದು ಅಡುಗೆ, ರಾತ್ರಿ ಒಂದು ಅಡುಗೆ. ಎರಡು ಹೊತ್ತೂ ಕುಕ್ಕರ್ ಕೂಗಬೇಕು, ಎರಡು ಹೊತ್ತೂ ಅನ್ನದ ಮೇಲೆ ಹಬೆ ಆಡುತ್ತಿರಬೇಕು. ಈ ಕಾನೂನು ನಾನು ಮಾಡಿದ್ದಲ್ಲ, ವಂಶದಿಂದ ಬಂದದ್ದು. "ನಮ್ಮ ಮನೇಲಿ ತಂಗಳು ತಿನ್ನಲ್ಲ" ಎಂದು ನಮ್ಮಮ್ಮ ಶಾರದಮ್ಮ ನನಗೆ ಹಲ್ಲು ಬರುವ ಮುಂಚಿನಿಂದ ಹೇಳುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿಯ ಜನವರಿ ಮೊದಲ ವಾರ. ಪದ್ಮಾ ಆಫೀಸಿನಿಂದ ಬಂದವಳೇ ಶಾಲು ಕೂಡ ತೆಗೆಯದೆ ನನ್ನ ಮುಂದೆ ಒಂದು ಕಾಗದ ಹಿಡಿದಳು.

"ರೀ, ಪ್ರಮೋಷನ್ ಆಯ್ತು!"

"ಭೇಷ್!" ಎಂದೆ. ಮನಸ್ಸಿನಿಂದಲೇ ಎಂದೆ.

"ಪೋಸ್ಟಿಂಗ್ ಘಾಜಿಯಾಬಾದಿಗೆ. ಎರಡು ಬಸ್ಸು ಬದಲಾಯಿಸಬೇಕು. ಬೆಳಗ್ಗೆ ಏಳೂವರೆಗೆ ಬಿಟ್ರೆ ರಾತ್ರಿ ಮನೆ ಸೇರೋ ಹೊತ್ತಿಗೆ ಎಂಟಾಗತ್ತೆ. ಎರಡನೇ ಸಲ ಅಡುಗೆ ಮಾಡೋಕೆ ಆಗಲ್ಲ ರೀ. ಬೆಳಗ್ಗೆ ಮಾಡಿದ್ದನ್ನೇ ರಾತ್ರಿ ಬಿಸಿ ಮಾಡ್ಕೊಂಡು ಊಟ ಮಾಡೋದಾದ್ರೆ ಒಪ್ಕೋತೀನಿ. ಇಲ್ಲಾಂದ್ರೆ ಬೇಡ ಅಂತ ಬರೆದುಕೊಡಬೇಕು. ಇಪ್ಪತ್ತನೇ ತಾರೀಖು ಕೊನೇ ದಿನ."

ಈ ಪ್ರಮೋಷನ್ನಿಗೆ ಅವಳು ಒಂಬತ್ತು ವರ್ಷ ಕಾದಿದ್ದಳು. ಇಲಾಖೆಯ ಪರೀಕ್ಷೆಗೆ ಅಮೂಲ್ಯಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿದ್ದಳು. ಎಲ್ಲಾ ನನಗೆ ಗೊತ್ತು. ಗೊತ್ತಿದ್ದೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ತಂಗಳಾ?"

"ತಂಗಳಲ್ಲ, ಬೆಳಗ್ಗೆದು."

"ಬೆಳಗ್ಗೆದು ರಾತ್ರಿಗೆ ತಂಗಳೇ."

"ಮತ್ತೆ ಫ್ರಿಜ್ ಯಾಕೆ ತಂದ್ವಿ?"

"ಹಾಲಿಗೆ!"

ಅಮೂಲ್ಯ ಪುಸ್ತಕದಿಂದ ತಲೆಯೆತ್ತಿ, "ಪಾಪಾ, ಸಬ್ ಲೋಗ್ ಖಾತೇ ಹೈ" ಎಂದಳು. ಎಲ್ಲರೂ ತಿನ್ನುತ್ತಾರಂತೆ. ಎಲ್ಲರೂ ಬಾವಿಗೆ ಬಿದ್ದರೆ ನೀನೂ ಬೀಳುತ್ತೀಯಾ ಎಂದು ಗದರಿದೆ. ದಿಲ್ಲಿಯಲ್ಲಿ ಬಾವಿ ಎಲ್ಲಿದೆ ಎಂದು ಕೇಳಿದಳು ಕತ್ತೆ.

ಆರು ಗಂಟೆಗೆಲ್ಲ ಮನೆಗೆ ಬರುವವನು ನೀನೇ ಒಂದು ಪಾವು ಅನ್ನಕ್ಕಿಟ್ಟರೆ ಕೈ ಸವೆಯುತ್ತದೆಯೇ ಎಂದು ನೀವು ಕೇಳಬಹುದು. ಪದ್ಮಾ ಕೂಡ ಕೇಳಿದಳು. ಆ ಪ್ರಶ್ನೆಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ದಿನ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ನಾಲ್ಕನೆಯ ದಿನ ನನಗೆ ಒಂದು ಉಪಾಯ ಹೊಳೆಯಿತು.

"ಅಮ್ಮನ್ನೇ ಮೈಸೂರಿಂದ ಕರೆಸ್ತೀನಿ. ಅವಳು ಹೇಳಿದ ಹಾಗೆ ಆಗಲಿ. ಒಪ್ತೀಯಾ?"

ಪದ್ಮಾ ಮುಖ ಬಾಡಿತು. ಮದುವೆಯಾದ ಹೊಸದರಲ್ಲಿ ಅವಳು ಸಾರಿಗೆ ಒಂದು ಚಿಟಿಕೆ ಇಂಗು ಹೆಚ್ಚು ಹಾಕಿದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಅಂಥ ಅತ್ತೆ ತಂಗಳಿಗೆ ಹ್ಞೂಂ ಅಂದಾರೆಯೇ? ಪದ್ಮಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬೀರುವಿನ ಸೀರೆಗಳ ಕೆಳಗಿಟ್ಟಳು.

"ಆಯ್ತು ಬಿಡಿ. ಅಲ್ಲಿಗೆ ಮುಗೀತು" ಎಂದಳು.

ನನಗೆ ಎದೆಯಲ್ಲಿ ಒಂಚೂರು ಚುರುಕ್ ಎಂದಿತು. ಆದರೆ ಗೆಲ್ಲುವ ಕೇಸನ್ನು ಯಾರು ತಾನೇ ವಾಪಸು ತೆಗೆದುಕೊಳ್ಳುತ್ತಾರೆ?

ಸಂಘದ ಪರಿಚಯದವರೊಬ್ಬರ ಜೊತೆಯಲ್ಲಿ ಅಮ್ಮ ಹದಿನಾರರಂದು ಬಂದಳು. ಮಂಜಿನಿಂದಾಗಿ ರೈಲು ಐದು ಗಂಟೆ ತಡ. ತಲೆಗೆ ಮಂಕಿ ಕ್ಯಾಪು, ಮೈಮೇಲೆ ಎರಡು ಸ್ವೆಟರು, ಕೈಯಲ್ಲಿ ಕೋಡುಬಳೆ ಡಬ್ಬ. ಆಟೋದಲ್ಲಿ ಕೂತ ಕೂಡಲೇ ನಾನು ನನ್ನ ಪರವಾದ ವಾದವನ್ನೆಲ್ಲ ಅವಳ ಕಿವಿಯಲ್ಲಿ ಸುರಿದೆ. ವಂಶದ ಮರ್ಯಾದೆ ನಿನ್ನ ಕೈಯಲ್ಲಿದೆ ಎಂದೂ ಹೇಳಿದೆ.

"ನೋಡೋಣ ಇರೋ, ಮೊದಲು ಮನೆ ಸೇರೋಣ. ಹಲ್ಲು ಕಟಕಟ ಅಂತಿದೆ" ಎಂದಳು.

ವಯಸ್ಸಾದ ಮೇಲೆ ಅಮ್ಮನಿಗೆ ರಾತ್ರಿ ಅನ್ನ ನಡೆಯುವುದಿಲ್ಲ, ಅವಲಕ್ಕಿಯೋ ಉಪ್ಪಿಟ್ಟೋ ಆಗಬೇಕು. ಅದನ್ನು ತಿನ್ನಲು ಆ ರಾತ್ರಿ ಅಡುಗೆಮನೆಯಲ್ಲೇ ಒಲೆಯ ಪಕ್ಕ ಒಂದು ಮೋಡಾ, ಇಲ್ಲಿನವರ ಬೆತ್ತದ ಗಿಡ್ಡ ಪೀಠ, ಹಾಕಿಕೊಂಡು ಕೂತಳು. ಅಲ್ಲಿ ಬೆಚ್ಚಗಿರುತ್ತದಂತೆ. ಕೂತವಳು ಎಲ್ಲರ ಊಟ ಮುಗಿದು ಪಾತ್ರೆ ಸಿಂಕಿಗೆ ಬೀಳುವವರೆಗೂ ಏಳಲಿಲ್ಲ. ನಾನು ತಟ್ಟೆಯ ಮುಂದೆ ಕೂತು, "ಅಮ್ಮ, ನೋಡಿದ್ಯಾ, ಹಬೆ!" ಎಂದು ಕೂಗಿ ಹೇಳಿದೆ.

"ನೋಡ್ತಾ ಇದೀನಿ ಕಣೋ" ಎಂದಳು.

ಮಾರನೆಯ ರಾತ್ರಿಯೂ ಹಾಗೆಯೇ. ಮೂರನೆಯ ರಾತ್ರಿಯೂ ಹಾಗೆಯೇ. ಅಮ್ಮ ಅವಲಕ್ಕಿ ತಿಂದಳು, ನೋಡಿದಳು, ತೀರ್ಪಿನ ಮಾತೇ ಎತ್ತಲಿಲ್ಲ. ಹತ್ತೊಂಬತ್ತನೇ ತಾರೀಖು ಬೆಳಗ್ಗೆ ಮಾತ್ರ ನಾನು ಷೂ ಕಟ್ಟುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತಳು.

"ಸುಬ್ಬೂ, ದಿನಾ ಬೆಳಗ್ಗೆ ಅಷ್ಟು ಅನ್ನ ಉಳಿಯತ್ತಲ್ಲ, ಎಲ್ಲಿಗೆ ಹೋಗತ್ತೆ?"

ನಾನು ಆ ವಿಷಯ ಯೋಚಿಸಿರಲೇ ಇಲ್ಲ. "ಹಸುವಿಗೆ ಹಾಕ್ತಾಳೇನೋಮ್ಮ."

"ಯಾವ ಹಸು?"

"ಸೆಕ್ಟರ್ ತುಂಬಾ ಹಸುಗಳೇ. ಇಲ್ಲಿನ ಜನ ಮೊದಲ ರೊಟ್ಟಿ ಹಸುವಿಗೇ ಕೊಡೋದು."

"ಹ್ಞೂಂ" ಎಂದು ಒಳಗೆ ಹೋದಳು. ನನ್ನ ಸಂತೋಷ ಹೇಳತೀರದು. ದಂಡವಾಗುವ ಅನ್ನದಲ್ಲೂ ಪುಣ್ಯ ಸಂಪಾದಿಸುವ ಮನೆ ಎಂದು ಅಮ್ಮನಿಗೆ ಮೆಚ್ಚುಗೆಯಾಗಿದೆ ಅಂದುಕೊಂಡೆ.

ಅದೇ ರಾತ್ರಿ ಊಟಕ್ಕೆ ಕೂತೆವು. ಮಾರನೆಯ ದಿನವೇ ಪದ್ಮಾ ಉತ್ತರ ಬರೆದುಕೊಡಬೇಕು. ಅವಳು ಎಂದಿನಂತೆ ಸೌಟು ಹಿಡಿದು ನಿಂತಿದ್ದಳು, ಮುಖದಲ್ಲಿ ಗೆಲುವಿರಲಿಲ್ಲ. ಅಮ್ಮ ಮೋಡಾದಿಂದ ಎದ್ದು ಬಂದು ಅವಳ ಕೈಯಿಂದ ಸೌಟು ಕಿತ್ತುಕೊಂಡಳು.

"ಇವತ್ತು ನಾನು ಬಡಿಸ್ತೀನಿ. ನೀನೂ ಕೂತ್ಕೋ."

"ಇಲ್ಲ ಅತ್ತೆ, ನಾನು ಆಮೇಲೆ..."

"ಕೂತ್ಕೋ ಅಂದೆ."

ಪದ್ಮಾ ಕುರ್ಚಿಯ ತುದಿಯಲ್ಲಿ ಕೂತಳು. ಅಮ್ಮ ಅಮೂಲ್ಯಳ ತಟ್ಟೆಗೆ ಬಿಸಿ ಅನ್ನ ಹಾಕಿದಳು. ಪದ್ಮಾ ತಟ್ಟೆಗೂ ಹಾಕಿದಳು, ಮೇಲೆ ಒಂದು ಮಿಳ್ಳೆ ತುಪ್ಪ. ಆಮೇಲೆ ಫ್ರಿಜ್ಜಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ತಟ್ಟೆಯ ಮೇಲೆ ಬೋರಲು ಹಾಕಿದಳು. ಡಬ್ಬಿಯ ಆಕಾರದಲ್ಲೇ ಅನ್ನ ಟಪ್ಪೆಂದು ಬಿತ್ತು. ಜನವರಿ ತಿಂಗಳ ದಿಲ್ಲಿಯ ಫ್ರಿಜ್ಜಿನ ಅನ್ನ, ಇಟ್ಟಿಗೆ ಇದ್ದಂತಿತ್ತು.

"ಅಮ್ಮ! ಇದು ಬೆಳಗ್ಗೆದು!"

"ಹೌದು ಕಣೋ."

"ನಮ್ಮ ಮನೇಲಿ ತಂಗಳು ತಿನ್ನಲ್ಲ ಅಂತ ನೀನೇ ತಾನೆ ಹೇಳ್ತಿದ್ದಿದ್ದು?"

"ಹೇಳ್ತಿದ್ದೆ. ಒಂಬತ್ತು ಜನದ ಸಂಸಾರ. ಎಷ್ಟು ಅಳೆದು ಹಾಕಿದ್ರೂ ದಿನಾ ಉಳೀತಿತ್ತು. ಅದನ್ನ ಯಾರು ತಿಂತಿದ್ರು ಅಂದ್ಕೊಂಡಿದ್ದೆ?"

ನನ್ನ ಬಾಯಿ ನನಗಿಂತ ಮುಂಚೆ ಓಡಿತು. "ಹಸು..."

"ಮೈಸೂರಿನ ವಠಾರದಲ್ಲಿ ಹಸು ಎಲ್ಲಿತ್ತೋ ನಿಮ್ಮಪ್ಪಂದು?"

ಅಮೂಲ್ಯ ಪುಸಕ್ಕನೆ ನಕ್ಕಳು. ಅಮ್ಮ ನಗಲಿಲ್ಲ. ಸೌಟನ್ನು ಮೇಜಿನ ಮೇಲಿಟ್ಟು ನನ್ನ ಎದುರು ಕೂತಳು.

"ನಾನು ತಿಂತಿದ್ದೆ ಕಣೋ. ನೀವೆಲ್ಲ ಉಂಡೆದ್ದ ಮೇಲೆ, ಅಡುಗೆಮನೆ ಬಾಗಿಲು ಮುಂದೆ ಮಾಡ್ಕೊಂಡು, ಬೆಳಗ್ಗೆದಕ್ಕೆ ಮಜ್ಜಿಗೆ ಹಾಕ್ಕೊಂಡು ತಿಂತಿದ್ದೆ. ಬಿಸಿ ಅನ್ನ ನಿಮಗೆ ಸರಿಹೋಗ್ತಿತ್ತು ಅಷ್ಟೆ. ನಿಮ್ಮಪ್ಪಂಗೂ ಗೊತ್ತಾಗ್ಲಿಲ್ಲ, ನಿಂಗೂ ಗೊತ್ತಾಗ್ಲಿಲ್ಲ. ಗೊತ್ತಾಗಬಾರದು, ಮರ್ಯಾದೆ ಪ್ರಶ್ನೆ ಅಂತ ಬಾಗಿಲು ಹಾಕ್ಕೋತಿದ್ದೆ ನೋಡು, ಅದೇ ನಾನು ಮಾಡಿದ ದೊಡ್ಡ ತಪ್ಪು. ತಂಗಳು ಅನ್ನೋದು ತಾನಾಗೇ ಮಾಯ ಆಗತ್ತೆ ಅಂತ ತಿಳ್ಕೊಂಡು ಬೆಳೆದುಬಿಟ್ಟೆ ನೀನು."

ನಾನು ಏನೋ ಹೇಳಲು ಹೋದೆ. ಅಮ್ಮ ಕೈ ಅಡ್ಡ ಹಿಡಿದಳು.

"ಮೂರು ರಾತ್ರಿ ಕೂತು ನೋಡಿದೆ. ಬಿಸೀದು ನಿಮಗಿಬ್ಬರಿಗೆ ಆಗೋವಷ್ಟೇ ಮಾಡ್ತಾಳೆ. ನೀವು ಎದ್ದ ಮೇಲೆ ಆ ಡಬ್ಬಿ ತೆಗೆದು, ಸಿಂಕಿನ ಪಕ್ಕ ನಿಂತ್ಕೊಂಡೇ ತಿಂದು ಮುಗಿಸ್ತಾಳೆ. ನಿನ್ನ ಸೆಕ್ಟರಿನ ಹಸು ಇವಳೇ ಕಣೋ ಸುಬ್ಬೂ."

ನಾನು ಪದ್ಮಾ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಹಸುವಿನ ಮಾತಿಗೆ ನಗು ತಡೆಯಲಾಗದೆ ಒದ್ದಾಡುತ್ತಿದ್ದಳು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯಾಯಿತು. ಕಿವಿಯವರೆಗೂ ಬಿಸಿಯೇರುವಂಥ ನಾಚಿಕೆ. ಇಷ್ಟು ವರ್ಷ ಊರೆಲ್ಲ ಸಾರಿಕೊಂಡು ಬಂದ ನನ್ನ ಹೆಚ್ಚುಗಾರಿಕೆಯನ್ನು ಈ ಇಬ್ಬರು ಹೆಂಗಸರು ನಿಂತುಕೊಂಡು ತಿಂದು ಉಳಿಸಿದ್ದರು.

"ಹಾಗಾದ್ರೆ ತೀರ್ಪು ಏನಮ್ಮ?" ಎಂದೆ.

"ತೀರ್ಪೇನು ಬಂತು, ಮೊದಲು ಉಣ್ಣು. ಉಂಡು ಬದುಕಿದ್ರೆ ನಾಳೆ ಅವಳು ಸೈನ್ ಹಾಕ್ತಾಳೆ."

ಇಟ್ಟಿಗೆಯನ್ನು ಒಡೆದು ಪುಡಿ ಮಾಡಿದೆ, ಬಿಸಿ ಹುಳಿ ಹುಯ್ದುಕೊಂಡೆ. ಮೂರು ಜೊತೆ ಕಣ್ಣು ನನ್ನ ಬಾಯಿಯ ಮೇಲೆ. ಸುಳ್ಳು ಹೇಳಲಾರೆ, ಮೊದಲ ತುತ್ತು ಗಂಟಲಲ್ಲೇ ನಿಂತಿತು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಉಪ್ಪಿನಕಾಯಿ ಕೇಳಿದೆ.

"ಪಾಪಾ ಜಿಂದಾ ಹೈ!" ಎಂದು ಅಮೂಲ್ಯ ಚಪ್ಪಾಳೆ ತಟ್ಟಿದಳು. ಈಗ ಅಮ್ಮನೂ ನಕ್ಕಳು.

ಪದ್ಮಾ ಮಾರನೆಯ ದಿನ ಒಪ್ಪಿಗೆ ಬರೆದುಕೊಟ್ಟು, ಬರುವಾಗ ಅರ್ಧ ಕಿಲೋ ಜಿಲೇಬಿ ತಂದಳು. ಫೆಬ್ರವರಿ ಒಂದಕ್ಕೆ ಘಾಜಿಯಾಬಾದಿನಲ್ಲಿ ಹಾಜರಾಗಬೇಕು. ಅಮ್ಮ ಶಿವರಾತ್ರಿಯವರೆಗೆ ಉಳಿದಳು. ಉಳಿದದ್ದು ನನಗೆ ಪಾಠ ಹೇಳಲು. ತಣ್ಣನೆಯ ಅನ್ನಕ್ಕೆ ನೀರು ಚಿಮುಕಿಸಿ ಕುಕ್ಕರಿನಲ್ಲಿಟ್ಟು ಹಬೆ ಬರಿಸುವುದು, ಹುಳಿಯನ್ನು ತಳ ಹಿಡಿಯದಂತೆ ಕುದಿಸುವುದು, ಇವೆಲ್ಲ ಐವತ್ತರ ಹೊಸ್ತಿಲಲ್ಲಿ ನಾನು ಕಲಿತ ವಿದ್ಯೆಗಳು. ಎರಡು ಸಲ ಹುಳಿ ಸೀದುಹೋಯಿತು. ಅಮ್ಮನ ಬೈಗುಳ ಕೆಳಗಿನ ಮನೆಯ ಪಂಜಾಬಿಯವರಿಗೂ ಅರ್ಥವಾಗುವಂತಿತ್ತು.

ಫೆಬ್ರವರಿ ಒಂದರಂದು ರಾತ್ರಿ ಎಂಟೂ ಹತ್ತಕ್ಕೆ ಪದ್ಮಾ ಬಂದಳು. ತಲೆಗೆ ಶಾಲು, ಚಳಿಗೆ ಮೂಗು ಕೆಂಪು, ಕಣ್ಣಿನಲ್ಲಿ ಮಾತ್ರ ಏನೋ ಒಂದು ಕಳೆ. ಹೊಸ ಆಫೀಸಿನಲ್ಲಿ ತನಗೇ ಒಂದು ಮೇಜು, ಅದರ ಮೇಲೆ ತನ್ನದೇ ಟೆಲಿಫೋನು ಎಂದು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು.

"ಕೈ ತೊಳ್ಕೊಂಡು ಬಾ, ಬಡಿಸ್ತೀನಿ" ಎಂದೆ.

ಅವಳು ಬಂದು ಕೂತಳು. ನಾನು ಅನ್ನದ ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತೆ. ಸೌಟು ಎತ್ತಿದವನಿಗೆ ಎಷ್ಟು ಹಾಕಬೇಕು ಎಂದು ತೋಚಲಿಲ್ಲ. ಅಮೂಲ್ಯಳಿಗೆ ಒಂದೂವರೆ ಸೌಟು, ನನಗೆ ಮೂರು. ಇವಳಿಗೆ? ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ್ದೇನೆ. ನನ್ನ ಹೆಂಡತಿ ಎಷ್ಟು ಅನ್ನ ಉಣ್ಣುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

"ಎಷ್ಟು ಹಾಕ್ಲಿ?"

ಯಾರೂ ಕೇಳದ ಪ್ರಶ್ನೆ ಕೇಳಿದಂತೆ ಅವಳು ನನ್ನ ಮುಖ ನೋಡಿದಳು. "ಹಾಕಿ, ಸಾಕು ಅಂತೀನಿ."

ಒಂದು ಸೌಟು ಹಾಕಿದೆ. ಎರಡು. ಮೂರು. ಅವಳು ಸುಮ್ಮನೆ ತಟ್ಟೆ ನೋಡುತ್ತಿದ್ದಳು. ನಾಲ್ಕನೆಯದಕ್ಕೆ ನನ್ನ ಕೈ ನಿಂತಿತು.

"ಅಲ್ವೇ, ಇಷ್ಟು ದಿನ ನೀನು ತಿಂತಿದ್ದಿದ್ದು ಇಷ್ಟೇ ಇಷ್ಟು ಅಂದ್ಕೊಂಡಿದ್ದೆ ನಾನು."

"ಎಷ್ಟು ಉಳೀತಿತ್ತೋ ಅಷ್ಟು ತಿಂತಿದ್ದೆ ರೀ" ಎಂದಳು. ಹೇಳಿ, ಬಿಸಿ ಅನ್ನದಲ್ಲಿ ಬೆರಳು ಸುಟ್ಟುಕೊಂಡು, ಊದಿಕೊಂಡು, ಕಲಸತೊಡಗಿದಳು.

ನಾಲ್ಕನೆಯ ಸೌಟನ್ನೂ ಹಾಕಿದೆ. ಅಡುಗೆಮನೆಗೆ ಹೋಗಿ, ನಾಳೆಯಿಂದ ಇನ್ನೊಂದು ಪಾವು ಅಕ್ಕಿ ಹೆಚ್ಚಿಗೆ ಹಾಕಮ್ಮ ಎಂದೆ. ಅಮ್ಮ ಅವಲಕ್ಕಿ ಬಟ್ಟಲಿನಿಂದ ತಲೆಯೆತ್ತದೆ, "ಪಾವು ಅಲ್ಲೇ ಇದೆ, ನೀನೇ ಹಾಕೋ" ಎಂದಳು.