ಗಾಂಧಾರವಿಲ್ಲದ ಪೆಟ್ಟಿಗೆ

ನಾನು ಒಂದು ಹಾರ್ಮೋನಿಯಂ. ನಮ್ಮ ಕಡೆ ಜನ ಪೆಟ್ಟಿಗೆ ಎನ್ನುತ್ತಾರೆ; ನನಗೆ ಅದೇ ಸಾಕು. ಹುಟ್ಟಿದ್ದು ಬೆಂಗಳೂರಿನ ಪೇಟೆಯ ಒಂದು ಗಲ್ಲಿಯಲ್ಲಿ. ಯಾವ ಗಲ್ಲಿ ಎಂದು ಖಚಿತವಾಗಿ ಹೇಳಲಾರೆ, ಆಗ ನನಗೆ ದಿಕ್ಕು ತಿಳಿಯುತ್ತಿರಲಿಲ್ಲ. ಬಡಗಿ ತೇಗದ ಹಲಗೆ ಕೂಡಿಸಿದ, ಚರ್ಮ ಅಂಟಿಸಿ ತಿದಿ ಮಾಡಿದ, ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಕೆರೆದು ಕೂರಿಸಿದ. ಮೊದಲ ಸಲ ತಿದಿ ಒತ್ತಿದಾಗ ಹಸುಗೂಸಿನಂತೆ ಕಿರುಚಿದೆ. "ಗಂಟ್ಲು ಚೆನ್ನಾಗದೆ ನನ್ ಮಗಂದು" ಎಂದು ಅವನು ನಕ್ಕ.

ನನ್ನನ್ನು ಕೊಂಡವರು ಮಾರಗೊಂಡಪುರದ ಬೈಲಪ್ಪ ಮೇಷ್ಟ್ರು. ಹಗಲು ರಾಗಿ ಮಂಡಿಯಲ್ಲಿ ಕೆಲಸ, ಸಂಜೆ ನಾಟಕದ ತಾಲೀಮು. ಹಾಗಾಗಿ ನನ್ನ ವಿದ್ಯೆಯೆಲ್ಲ ಸಂಜೆಯದು. ಹಗಲು ಕಲಿತವರ ಮುಂದೆ ಈಗಲೂ ಸ್ವಲ್ಪ ಅಳುಕುತ್ತೇನೆ.

ಆಮೇಲೆ ತುರ್ತುಪರಿಸ್ಥಿತಿ ಬಂತು. ಜನ ಮಾತಾಡುವ ಮೊದಲು ಹಿಂದೆ ತಿರುಗಿ ನೋಡತೊಡಗಿದರು. ಆ ವರ್ಷದ ನಾಟಕದಲ್ಲಿ ದುರ್ಯೋಧನನ ಸಭೆಗೆ ಮೇಷ್ಟ್ರು ಒಂದು ಹೊಸ ಹಾಡು ಕಟ್ಟಿದರು. ದೊರೆ ಏನು ಹೇಳಿದರೂ ಸಭೆಯವರೆಲ್ಲ ತಲೆಯಾಡಿಸಿ "ಹೌದು ಪ್ರಭು, ಹೌದು ಪ್ರಭು, ನಡುಹಗಲಲ್ಲಿ ಚಂದ್ರ, ಹೌದು ಪ್ರಭು" ಎಂದು ಹಾಡಬೇಕು. ಜನ ಬಿದ್ದು ಬಿದ್ದು ನಕ್ಕರು. "ಒನ್ಸ್ ಮೋರ್!" ಎಂದು ಕೂಗಿದರು. ನಾನೂ ಉಬ್ಬಿಹೋದೆ. ಉಬ್ಬಬಾರದಿತ್ತೇನೋ.

ಬೆಳಗಿನ ಜಾವ ಮೇಷ್ಟ್ರು ನನ್ನನ್ನು ಹೆಗಲ ಮೇಲಿಟ್ಟುಕೊಂಡು ಒಬ್ಬರೇ ಮನೆಗೆ ಹೋಗುತ್ತಿದ್ದಾಗ ಜೀಪೊಂದು ಬಂದು ನಿಂತಿತು. ಇಬ್ಬರನ್ನೂ ಹತ್ತಿಸಿಕೊಂಡರು. ನೋಡಿದವರು ಯಾರೂ ಇರಲಿಲ್ಲ.

ಠಾಣೆಯ ಇನ್ಸ್‌ಪೆಕ್ಟರಿಗೆ ನನ್ನೊಳಗೆ ವೈರ್‌ಲೆಸ್ ಇದೆ ಎಂಬ ಗುಮಾನಿ. ಚಾಕು ತೂರಿಸಿ ನನ್ನ ನಡುವಿನ ಗಾಂಧಾರದ ಮನೆಯನ್ನು ಕಿತ್ತರು. ಬೆರಳಿಂದ ಒತ್ತುವ ಪಟ್ಟಿಗೆ ನಮ್ಮಲ್ಲಿ ಮನೆ ಎನ್ನುವುದು. ಮುಚ್ಚಳ ಕಿತ್ತ ರೀಡು ಸುಮ್ಮನಿರುತ್ತದೆಯೇ? ಪೇದೆಯೊಬ್ಬ ತಿದಿಯ ಮೇಲೆ ಕೈಯೂರಿದ್ದೇ ತಡ, 'ಗಾ...' ಎಂದು ಊಳಿಟ್ಟೆ.

"ಸಾರ್, ಸಿಗ್ನಲ್ಲು!" ಎಂದು ಪೇದೆ ಹಾರಿ ಹಿಂದೆ ಬಿದ್ದ.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೂ ಸೇರಿಸಿ ಅವರನ್ನು ಒಳಗಿನ ಕೋಣೆಗೆ ಎಳೆದೊಯ್ದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಕೇಳಿದ್ದನ್ನು ಹೇಳಲಾರೆ. ಅವರ ಬಲಗೈಯ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಆದರೆ ಎಳೆದೊಯ್ಯುವ ಮುನ್ನವೇ, ನೆಲಕ್ಕೆ ಬಿದ್ದಿದ್ದ ನನ್ನ ಗಾಂಧಾರವನ್ನು ಅವರು ಅಂಗಾಲಿನಡಿ ಮುಚ್ಚಿ, ಮೆಲ್ಲಗೆ ಎತ್ತಿ ಪಂಚೆಯ ಮಡಿಕೆಗೆ ಸೇರಿಸಿಕೊಂಡಿದ್ದರು. ಅದನ್ನು ನಾನು ಕಂಡೆ.

ಅವರನ್ನು ಯಾವುದೋ ದೂರದ ಜೈಲಿಗೆ ಕಳಿಸಿದರು. ನಾನು ಮುದ್ದೇಮಾಲು, ಅಂದರೆ ಜಪ್ತಿ ಮಾಲು, ಆಗಿ ಠಾಣೆಯಲ್ಲೇ ಉಳಿದೆ. ಊಳಿಡುವ ತೂತಿಗೆ ಸೀಲು ಹಾಕುವ ಅರಗು ಮೆತ್ತಿ ಬಾಯಿ ಮುಚ್ಚಿಸಿದರು. ಇನ್ಸ್‌ಪೆಕ್ಟರ್ ವರ್ಗವಾದ ಮೇಲೆ, ಹಾಡಿನ ಹುಚ್ಚಿದ್ದ ದಫೇದಾರರೊಬ್ಬರು ಶುಕ್ರವಾರದ ಪೂಜೆಗೆ ನನ್ನನ್ನು ಅಟ್ಟದಿಂದ ಇಳಿಸಿದರು. ಪಾಪ, ಗಾಂಧಾರ ಬಂದಲ್ಲಿ ಹಾರಿಸಿ ನುಡಿಸಿದರು. ಪೇದೆಗಳೂ ಹಾರಿಸಿ ಹಾಡಿದರು. ಪೇದೆಗಳು ಬಂದರು, ನಿವೃತ್ತರಾದರು, ಹೊಸಬರು ಹಳಬರಿಂದ ಕಲಿತರು. ನನಗೂ ಅದೇ ಸರಿ ಎನಿಸತೊಡಗಿತ್ತು.

ಊರಿನಲ್ಲಿ ಆದದ್ದೇ ಬೇರೆ. ಇದನ್ನು ನಾನು ಎಷ್ಟೋ ವರ್ಷದ ಮೇಲೆ ಠಾಣೆಗೆ ಬಂದ ವೇದಾವತಿ ಎಂಬುವರಿಂದ ಕೇಳಿದ್ದು. ಮೇಷ್ಟ್ರು ಕಾಣೆ, ಪೆಟ್ಟಿಗೆಯೂ ಕಾಣೆ. ಠಾಣೆಯಲ್ಲಿ ಕೇಳಿದರೆ "ಅಂಥವರನ್ನ ನಾವು ಹಿಡಿದೇ ಇಲ್ಲ" ಎಂಬ ಉತ್ತರ. ಸರಿ, ಹುಬ್ಬಳ್ಳಿಯ ಕಂಪನಿ ನಾಟಕದವಳ ಹಿಂದೆ ಹೋಗಿದ್ದಾನೆ ಎಂದು ಊರು ತೀರ್ಮಾನಿಸಿತು. ಮೇಷ್ಟ್ರು ವಾಪಸಾಗಿ ನಿಜ ಹೇಳಿದರೆ ಯಾರೂ ನಂಬಲಿಲ್ಲ. "ಜೈಲಿಗೆ ಯಾರಾದ್ರೂ ಪೆಟ್ಗೆ ತಗೊಂಡ್ ಹೋಗ್ತಾರಾ ಮೇಷ್ಟ್ರೇ? ಹುಬ್ಬಳ್ಳಿ ಹೆಂಗಿತ್ತು ಹೇಳಿ" ಎಂದು ಹೋಟೆಲಿನಲ್ಲಿ ಕಾಲೆಳೆದರು. ನಂಬಿದವರು ಹೆಂಡತಿ ಸಾಕಮ್ಮ ಒಬ್ಬರೇ. ಮೇಷ್ಟ್ರು ಮುದುಕರಾದರು, ಹುಬ್ಬಳ್ಳಿಯ ಮಾತು ಮಾತ್ರ ಹಾಗೇ ಉಳಿಯಿತು.

ಈ ವೇದಾವತಿ ಇತಿಹಾಸ ಸಂಶೋಧಕಿ. ಹಗಲು ಕಚೇರಿ ಕೆಲಸ ಮಾಡುತ್ತ, ಸಂಜೆ ಕಾಲೇಜಿನಲ್ಲಿ ಓದಿದವರು. ತುರ್ತುಪರಿಸ್ಥಿತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಯಾರ ಮೇಲೆ ಏನೇನು ನಡೆಯಿತೆಂದು ಪುಸ್ತಕ ಬರೆಯುತ್ತಿದ್ದರು. ಮೇಷ್ಟ್ರ ಕಥೆ ಕೇಳಿದ್ದರು, ಎಲೆಯಡಿಕೆ ಸಂಚಿಯಲ್ಲಿ ಅವರು ಜೋಪಾನ ಮಾಡಿದ್ದ ನನ್ನ ಗಾಂಧಾರವನ್ನೂ ನೋಡಿದ್ದರು. ಆದರೆ ಆಧಾರವಿಲ್ಲದೆ ಒಂದು ಸಾಲನ್ನೂ ಬರೆಯುವ ಜೀವವಲ್ಲ ಅದು. ಅನುಮತಿ ಪಡೆದು ಠಾಣೆಯ ಹಳೆಯ ಕಡತಗಳನ್ನೆಲ್ಲ ಮಗುಚಿದರು, ಸೀನಿದರು, ಮತ್ತೆ ಮಗುಚಿದರು. ಮೇಷ್ಟ್ರ ಹೆಸರು ಎಲ್ಲೂ ಇಲ್ಲ.

ಕೊನೆಯ ದಿನ ಶುಕ್ರವಾರ. ಅವರು ಚೀಲ ಹೆಗಲಿಗೇರಿಸುವಾಗ ಹೊರಗೆ ಭಜನೆ ಶುರುವಾಯಿತು. ಅವರು ಬಾಗಿಲಲ್ಲೇ ನಿಂತರು.

"ದಫೇದಾರ್ರೇ, ನಡುವೆ ಒಂದು ಸ್ವರ ಹಾರಿಸ್ತಿದೀರಲ್ಲ?"

ಈಗಿನ ದಫೇದಾರ ಶಿವನಂಜು ಎದೆಯುಬ್ಬಿಸಿದ. "ಅದು ಇರೋದೇ ಹಂಗೆ ಮೇಡಂ. ನಮ್ ಸ್ಟೇಷನ್ ಧಾಟಿ. ಬೇರೆ ಎಲ್ಲೂ ಸಿಗಾಕಿಲ್ಲ."

"ಈ ಪೆಟ್ಟಿಗೆ?"

"ಮುದ್ದೇಮಾಲು. ಮೊದ್ಲಿಂದ್ಲೂ ಅದೆ."

"ಯಾವ ಕೇಸಿಂದು?"

ಶಿವನಂಜು ನನ್ನನ್ನು ಮಗುಚಿ ಕೇಸಿನ ಚೀಟಿ ಹುಡುಕಿದ; ಒಂದೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಣಿಯುತ್ತಿದ್ದರು. ವೇದಾವತಿ ಮಾತ್ರ, ಹಲ್ಲು ಬಿದ್ದ ಪೆಟ್ಟಿಗೆಗಳು ಲೋಕದಲ್ಲಿ ಬೇಕಾದಷ್ಟಿವೆಯಲ್ಲ ಎಂದು ಗೊಣಗುತ್ತ ಹೋದರು. ಆ ವಾರವೆಲ್ಲ ನನಗೂ ಅದೇ ಚಿಂತೆ: ನಾನು ನಾನೇ ಅಲ್ಲದಿದ್ದರೆ?

ಮುಂದಿನ ಶುಕ್ರವಾರ ವೇದಾವತಿಯ ಜೊತೆ ಮೇಷ್ಟ್ರು, ಸಾಕಮ್ಮ ಬಂದರು. ಮೆಟ್ಟಿಲ ಬಳಿ ಮೇಷ್ಟ್ರು ಕಾಲು ಮುಂದಿಡಲಾರದೆ ನಿಂತರು. "ನಡೀರಿ, ನಾನಿಲ್ವಾ" ಎಂದು ಸಾಕಮ್ಮ ಕೈ ಹಿಡಿದು ಕರೆತಂದರು. ವೇದಾವತಿ ಅರಗನ್ನು ಕೆರೆದು ತೆಗೆದರು. ಮೇಷ್ಟ್ರು ಸಂಚಿಯಿಂದ ಸುಣ್ಣದ ಕಲೆಯಾದ ಬಿಳಿ ಪಟ್ಟಿಯನ್ನು ತೆಗೆದು, ಸ್ಪ್ರಿಂಗಿನಡಿ ಸರಿಸಿದರು. ಚಾಕು ಮೀಟಿದ ಗಾಯ ಅರ್ಧ ಪಟ್ಟಿಯಲ್ಲಿ, ಅರ್ಧ ನನ್ನ ಮೈಯಲ್ಲಿ. ಎರಡೂ ಕೂಡಿಕೊಂಡವು. ಸಾಕಮ್ಮ ತಿದಿ ಒತ್ತಿದರು, ಮೇಷ್ಟ್ರ ಸೊಟ್ಟ ಬೆರಳು ಇಳಿಯಿತು.

'ಗಾ' ಎಂದೆ. ಸ್ವಲ್ಪ ಕರ್ಕಶವಾಗಿತ್ತು, ಕ್ಷಮಿಸಬೇಕು.

ಸಂತೋಷಕ್ಕೆ ಪೇದೆಗಳು ಭಜನೆ ಎತ್ತಿಕೊಂಡರು. ಎರಡನೇ ಸಾಲಿಗೇ ತಾಳ ತಪ್ಪಿ ಎಲ್ಲರೂ ಮುಗ್ಗರಿಸಿದರು.

"ಮೇಷ್ಟ್ರೇ, ಈ ಸ್ವರ ಅಡ್ಡ ಬತ್ತಾ ಅದೆ!" ಎಂದ ಶಿವನಂಜು.

"ಅಡ್ಡ ಬತ್ತದೆ ಅಂತ್ಲೇ ಕಿತ್ತಿದ್ದು ಕಣಪ್ಪಾ ನಿಮ್ಮೋರು" ಎಂದರು ಮೇಷ್ಟ್ರು. ನಗುತ್ತಲೇ ಅವರ ಕಣ್ಣು ತುಂಬಿತು. ಶಿವನಂಜು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ವೇದಾವತಿ ಹೊಸ ಇನ್ಸ್‌ಪೆಕ್ಟರನ್ನು ಮೆತ್ತಗೆ ಕೇಳಿದರು: "ಇವರನ್ನ ಹಿಡಿದೇ ಇಲ್ಲ ಅಂದ್ಮೇಲೆ ಇವರ ಪೆಟ್ಟಿಗೆ ಇಲ್ಲಿಗೆ ಹೇಗೆ ಬಂತು ಸರ್?" ಆತ ಒಳ್ಳೆಯವನು. ಆ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿಲ್ಲವೆಂದು ಬರೆದುಕೊಟ್ಟ. ನನ್ನನ್ನೂ ಕೊಟ್ಟ.

ಪುಸ್ತಕದಲ್ಲಿ ಮೇಷ್ಟ್ರಿಗೆ ಇಡೀ ಒಂದು ಅಧ್ಯಾಯವಿದೆ. ಅಡಿಟಿಪ್ಪಣಿಯಲ್ಲಿ 'ಆಕರ: ಒಂದು ಹಾರ್ಮೋನಿಯಂ' ಎಂದು ಬರೆಯಬಹುದೇ ಎಂದು ವೇದಾವತಿ ಇಬ್ಬರು ಪ್ರೊಫೆಸರರನ್ನು ಕೇಳಿ, ಕೊನೆಗೆ ಬರೆದೇಬಿಟ್ಟರು. ಆಕರ ಎನಿಸಿಕೊಳ್ಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ನಾನು ಸುಳ್ಳು ನುಡಿದಿಲ್ಲ, ಅಷ್ಟು ಮಾತ್ರ ಗೊತ್ತು.

ಈಗ ಮೇಷ್ಟ್ರ ಮನೆಯ ಕಿಟಕಿಯ ಕೆಳಗೆ ನನ್ನ ಜಾಗ. ಕಾಲೆಳೆದವರೂ, ಅವರ ಮಕ್ಕಳೂ ಒಬ್ಬೊಬ್ಬರಾಗಿ ಬಂದು ತಲೆ ತಗ್ಗಿಸಿ ಕೂರುತ್ತಾರೆ. ಸಾಕಮ್ಮ ಅವರಿಗೆ ಕಾಫಿ ಕೊಟ್ಟು, ನನ್ನ ಮೇಲಿನ ಬಟ್ಟೆ ಸರಿಸುತ್ತಾರೆ.

"ನೋಡ್ಕಳಿ. ನಮ್ಮೆಜಮಾನ್ರು ಓಡಿಹೋಗಿದ್ರಲ್ಲ, ಆ ಹುಬ್ಬಳ್ಳಿಯವಳು ಇವಳೇಯ."